ರಾಣಿಪುರದ ಬೆಟ್ಟದಲ್ಲಿ ಏಳು ಮಕ್ಕಳೊಡನೆ ಎರಡು ದಿನ

ಕಾಸರಗೋಡಿನ ನಮಗೆ ಗುಡ್ಡ ಹತ್ತುವುದು ಹೊಸತಲ್ಲ. ಶಾಲೆಗೆ ಹೋಗುವಾಗ ಒಂದು ಗುಡ್ಡ, ಸೊಪ್ಪು ತರಲು ಒಂದು ಗುಡ್ಡ, ದನ ಹುಡುಕಲು ಇನ್ನೊಂದು ಗುಡ್ಡ, ಹೀಗೆಯೇ ನಮ್ಮ ತಲೆಮಾರಿನ ಬಾಲ್ಯ ಕಳೆದಿದೆ. ಆದರೆ ನಮ್ಮ ಮಕ್ಕಳು ಗುಡ್ಡವನ್ನು ಶಾಲಾ ವಾಹನದ ಕಿಟಕಿಯಿಂದ ಕಂಡವರು. ಈ ಮಾತು ಕಳೆದ ಓಣಂ ರಜೆಯಲ್ಲಿ ಸ್ನೇಹಿತರ ಕೂಟದಲ್ಲಿ ಬಂತು. ಕುಂಬಳೆಯ ಸಮೀಪದ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕುಳಿತು ಕಲಿತ ನಾವು ನಾಲ್ವರು ಈಗ ನಾಲ್ಕು ಊರುಗಳಲ್ಲಿದ್ದೇವೆ. ಒಬ್ಬನು ಎರ್ನಾಕುಳದಲ್ಲಿ ಬ್ಯಾಂಕ್ ಉದ್ಯೋಗಿ, ಒಬ್ಬಳು ಮಂಗಳೂರಿನಲ್ಲಿ ದಾದಿ, ಮತ್ತೊಬ್ಬನು ಬದಿಯಡ್ಕದ ಕಡೆಯ ಶಾಲೆಯೊಂದರಲ್ಲಿ ಕನ್ನಡ ಅಧ್ಯಾಪಕ. ನಾನು ಕಾಸರಗೋಡು ಪೇಟೆಯಲ್ಲಿ ನೆಲೆಸಿದವನು. ನಾಲ್ಕು ಮನೆಗಳಿಂದ ಏಳು ಮಕ್ಕಳು. ಇವರಲ್ಲಿ ಇಬ್ಬರು ಕನ್ನಡ ಮಾಧ್ಯಮದಲ್ಲಿಯೂ ಇಬ್ಬರು ಮಲಯಾಳದಲ್ಲಿಯೂ ಉಳಿದ ಮೂವರು ಇಂಗ್ಲಿಷಿನಲ್ಲಿಯೂ ಓದುತ್ತಾರೆ. ಒಂದು ವಾರಾಂತ್ಯವಾದರೂ ಇವರೆಲ್ಲರನ್ನೂ ಒಂದು ಬೆಟ್ಟದ ಮೇಲೆ ಡೇರೆಯಲ್ಲಿ ಮಲಗಿಸಬೇಕೆಂದು ನಿಶ್ಚಯಿಸಿದೆವು.

ಮಳೆಗಾಲ ಕಳೆಯಲೆಂದು ಕಾದು ಡಿಸೆಂಬರ್ ತಿಂಗಳ ನಡುವಿನ ಶನಿವಾರ ಹೊರಟೆವು. ಅಧ್ಯಾಪಕ ಸ್ನೇಹಿತನ ತಾಯಿ, ಎಪ್ಪತ್ತೆರಡರ ಅಜ್ಜಿ, ತಾವೂ ಬರುವುದಾಗಿ ಹೇಳಿ ಬುತ್ತಿ ಕಟ್ಟಿಕೊಂಡು ಕಾರಿನ ಮುಂದಿನ ಆಸನದಲ್ಲಿ ಕುಳಿತೇ ಬಿಟ್ಟರು. ಬೇಡವೆನ್ನುವ ಧೈರ್ಯ ಯಾರಿಗೂ ಇರಲಿಲ್ಲ.

ಹೊಳೆ ದಾಟಿ ತೆಂಕಲಿಗೆ

ಚಂದ್ರಗಿರಿ ಹೊಳೆಯ ಸೇತುವೆಯನ್ನು ದಾಟುವಾಗ ಪ್ರತಿ ಸಲವೂ ಮನಸ್ಸಿನಲ್ಲಿ ಏನೋ ಒಂದು ತಿರುವು ಬರುತ್ತದೆ. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಪಯಸ್ವಿನಿಯೆಂಬ ಹೆಸರಿನಿಂದ ಹರಿದು ಬರುವ ಈ ಹೊಳೆ ಹಿಂದಿನಿಂದಲೂ ತುಳುನಾಡಿಗೂ ಮಲೆಯಾಳ ದೇಶಕ್ಕೂ ಗಡಿಯೆಂದು ಎಣಿಸಲ್ಪಟ್ಟಿದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಬಳಿಕ ರಚಿತವಾದ ಮಹಾಜನ ಆಯೋಗವೂ ಈ ಹೊಳೆಯ ಬಡಗಣ ಭಾಗವನ್ನೇ ಕರ್ನಾಟಕಕ್ಕೆ ಸೇರಿಸಬೇಕೆಂದು ಶಿಫಾರಸು ಮಾಡಿತ್ತು. ಆದರೆ ಹೊಳೆಯ ತೆಂಕಣ ದಡದಲ್ಲಿ ನಿಂತಿರುವ ಚಂದ್ರಗಿರಿ ಕೋಟೆಯನ್ನೂ ಮುಂದೆ ಸಿಗುವ ಬೇಕಲ ಕೋಟೆಯನ್ನೂ ಕಟ್ಟಿಸಿದವನು ಇಕ್ಕೇರಿಯ ಶಿವಪ್ಪನಾಯಕನೆಂದು ಅಧ್ಯಾಪಕ ಸ್ನೇಹಿತನು ಮಕ್ಕಳಿಗೆ ತಿಳಿಸಿದನು. "ಹಾಗಾದರೆ ಗಡಿ ಎಲ್ಲಿ ಮಾವ?" ಎಂದು ಒಬ್ಬ ಹುಡುಗ ಕೇಳಿದ. ಅವನು ಉತ್ತರಿಸುವಷ್ಟರಲ್ಲಿ ಬೇಕಲದ ಕಡಲು ಕಾಣಿಸಿತು. ಪ್ರಶ್ನೆ ಅಲ್ಲಿಗೇ ನಿಂತಿತು.

ಕಾಞಂಗಾಡೆಂದು ಫಲಕಗಳು ಹೇಳುವ, ನಮ್ಮ ಹಿರಿಯರು ಇಂದಿಗೂ ಹೊಸದುರ್ಗವೆನ್ನುವ ಪೇಟೆಯಿಂದ ದಾರಿ ಮೂಡಲಿಗೆ ತಿರುಗುತ್ತದೆ. ಮಾವುಂಗಾಲಿನಲ್ಲಿ ಸ್ವಾಮಿ ರಾಮದಾಸರು 1931ರಲ್ಲಿ ಸ್ಥಾಪಿಸಿದ ಆನಂದಾಶ್ರಮವನ್ನು ಬದಿಗಿಟ್ಟು ಮುಂದುವರಿದರೆ ಮುರಕಲ್ಲಿನ ಬೋಳು ಪದವುಗಳು ಹಿಂದೆ ಸರಿದು ರಬ್ಬರ್ ತೋಟಗಳು ತೊಡಗುತ್ತವೆ. ರಾಜಪುರಂ 1943ರಲ್ಲಿ ತಿರುವಾಂಕೂರಿನ ಕಡೆಯಿಂದ ಬಂದ ಕ್ರೈಸ್ತ ವಲಸೆಗಾರರು ನೆಲೆಸಿದ ಊರು. ಕಾಡು ಕಡಿದು, ಮಲೇರಿಯಾ ಜ್ವರದೊಡನೆ ಹೋರಾಡಿ ತೋಟ ಮಾಡಿದವರ ಮಕ್ಕಳು ಮೊಮ್ಮಕ್ಕಳು ಇಂದು ಅಲ್ಲಿದ್ದಾರೆ. ರಾಣಿಪುರಂ ಎಂಬ ಹೆಸರೂ ಅವರಿಂದಲೇ ಬಂದುದು. ಅದರ ಮೊದಲಿನ ಹೆಸರು ಮಾಡತ್ತುಮಲ. 1970ರ ಸುಮಾರಿಗೆ ಮೇರಿ ಮಾತೆಯ ಗೌರವಾರ್ಥ ಅದು ರಾಣಿಪುರವಾಯಿತು.

ಪನತ್ತಡಿಯಿಂದ ಎಡಬಲಕ್ಕೆ ಹೊರಳುತ್ತ ಏರುವ ದಾರಿಯಲ್ಲಿ ಮಕ್ಕಳ ಪಾಡು ಎಲ್ಲ ಪ್ರವಾಸಗಳಲ್ಲಿ ಆಗುವಂತೆಯೇ ಆಯಿತು. ಇಬ್ಬರು ವಾಂತಿ ಮಾಡಿದರು, ಒಬ್ಬಳು ಅತ್ತಳು. ಅಜ್ಜಿ ತಮ್ಮ ಚೀಲದಿಂದ ಒಣಶುಂಠಿಯ ತುಂಡನ್ನು ತೆಗೆದು ಎಲ್ಲರ ಬಾಯಿಗೂ ಹಾಕಿದರು.

ಗೂಟ, ಹಗ್ಗ, ಕುಣಿಕೆ

ಓದುಗರು ಇಲ್ಲೊಂದು ವಿಷಯವನ್ನು ಗಮನಿಸಬೇಕು. ಬೆಟ್ಟದ ಮೇಲಿನ ಕಾಡು ಅರಣ್ಯ ಇಲಾಖೆಗೆ ಸೇರಿದ್ದು. ಅಲ್ಲಿ ಹಗಲು ಹೊತ್ತಿನಲ್ಲಿ, ಚೀಟಿ ಪಡೆದು ಮಾತ್ರ ಏರಬಹುದು. ರಾತ್ರಿ ತಂಗುವಂತಿಲ್ಲ, ಬೆಂಕಿ ಹಾಕುವಂತಿಲ್ಲ. ಆನೆಗಳು ಓಡಾಡುವ ನೆಲ ಅದು. ಬೆಟ್ಟದ ಬೆನ್ನಿಗೇ ಕೊಡಗಿನ ತಲಕಾವೇರಿ ವನ್ಯಧಾಮ ತಾಗಿಕೊಂಡಿದೆ. ಆನೆಗೆ ರಾಜ್ಯದ ಗಡಿ ಗೊತ್ತಿಲ್ಲ. ಆದಕಾರಣ ನಾವು ಬುಡದಲ್ಲಿರುವ ಒಂದು ತೋಟದ ಮನೆಯ ಅಂಗಳವನ್ನು ಮೊದಲೇ ಗೊತ್ತುಮಾಡಿಕೊಂಡು ಅಲ್ಲಿ ಡೇರೆ ಹೂಡಿದೆವು.

ಡೇರೆ ಹೂಡುವ ಕೆಲಸವನ್ನು ದೊಡ್ಡವರು ಮಾಡಬಾರದೆಂದು ಅಧ್ಯಾಪಕನ ಕಟ್ಟಪ್ಪಣೆ. ಏಳು ಮಕ್ಕಳು, ಮೂರು ಡೇರೆಗಳು. ಮೊದಲ ಅರ್ಧ ಗಂಟೆ ಮಲಯಾಳ, ಇಂಗ್ಲಿಷುಗಳಲ್ಲಿ ಜಗಳವೇ ನಡೆಯಿತು. ಆಮೇಲೆ ಅವನು ನಡುವೆ ನಿಂತು, "ಆ ಗೂಟ ಓರೆಯಾಗಿ ಹೊಡೆಯಿರಿ, ಹಗ್ಗ ಬಿಗಿಯಿರಿ, ಕುಣಿಕೆ ಸಡಿಲ ಆಗಿದೆ ನೋಡಿ" ಎಂದು ಕೆಲಸಕ್ಕೆ ತಕ್ಕಂತೆ ಮಾತು ಹೇಳುತ್ತ ಹೋದ. ಸಂಜೆಗೆ ಎರ್ನಾಕುಳದ ಏಳು ವರ್ಷದ ಹುಡುಗನೂ "ಕುಣಿಕೆ ಬಿಚ್ಚಿತು" ಎನ್ನುತ್ತಿದ್ದ. ಈ ಹುಡುಗನಿಗೆ ಕನ್ನಡ ಅರ್ಥವಾಗುತ್ತದೆ, ಆದರೆ ಉತ್ತರ ಮಲಯಾಳದಲ್ಲಿ ಬರುತ್ತದೆ. ತಂದೆಗೆ ಅದೊಂದು ಒಳಗಿನ ನೋವು. "ಮನೆಯಲ್ಲಿ ನಾನೊಬ್ಬ ಮಾತಾಡಿದರೆ ಎಂತ ಆಗ್ತದೆ ಮಾರಾಯ? ಅವನ ಲೋಕ ಇಡೀ ಬೇರೆ" ಎಂದು ಅವನು ಸೌದೆ ಒಡೆಯುತ್ತ ಹೇಳಿದ. ಅಧ್ಯಾಪಕನ ಉತ್ತರ ಚಿಕ್ಕದಾಗಿತ್ತು: "ಪಾಠ ಹೇಳಿದರೆ ಮಕ್ಕಳು ಓಡ್ತಾರೆ. ಕೆಲಸ ಕೊಟ್ಟರೆ ಕೇಳ್ತಾರೆ."

ಅಡುಗೆಯಲ್ಲಿ ನಮ್ಮ ತಿಳಿಗೇಡಿತನ ಬಯಲಾಯಿತು. ಮೂರು ಕಲ್ಲಿನ ಒಲೆಯಲ್ಲಿ ಕುಚ್ಚಿಲಕ್ಕಿಯ ಗಂಜಿ ಬೇಯಲು ಎಷ್ಟು ಹೊತ್ತು ಬೇಕೆಂಬುದನ್ನು ನಾವೆಲ್ಲರೂ ಮರೆತಿದ್ದೆವು. ಕುಕ್ಕರಿನ ಸೀಟಿಗೆ ಒಗ್ಗಿಹೋದ ನಮಗೆ ಒಂದೂವರೆ ಗಂಟೆ ಒಲೆಯ ಮುಂದೆ ಕೂರುವುದು ತಪಸ್ಸಿನಂತಾಯಿತು. ಅಷ್ಟರಲ್ಲಿ ಮಕ್ಕಳು ಅವಲಕ್ಕಿಯನ್ನೂ ಬಾಳೆಹಣ್ಣನ್ನೂ ಮುಗಿಸಿದ್ದರು. ಕೊನೆಗೆ ಗಂಜಿ, ಹುರುಳಿ ಚಟ್ನಿ, ಮಿಡಿ ಉಪ್ಪಿನಕಾಯಿ, ಕೆಂಡದಲ್ಲಿ ಸುಟ್ಟ ಹಲಸಿನ ಹಪ್ಪಳ ಸಿದ್ಧವಾದಾಗ ಯಾರೂ ತಟ್ಟೆಯಲ್ಲಿ ಏನನ್ನೂ ಬಿಡಲಿಲ್ಲ.

ಆರಿದ್ರೆಯ ನಕ್ಷತ್ರ

ಸಾವಿರ ಮೀಟರ್ ಎತ್ತರಕ್ಕೆ ಹೋದರೆ ಉಷ್ಣತೆ ಸುಮಾರು ಆರು ಡಿಗ್ರಿ ಇಳಿಯುತ್ತದೆಂದು ಪುಸ್ತಕದಲ್ಲಿ ಓದಿದ್ದ ಮಕ್ಕಳು ಅದನ್ನು ಆ ರಾತ್ರಿ ಮೈಯಿಂದ ತಿಳಿದರು. ಬುಡದ ಅಂಗಳ ಅಷ್ಟು ಎತ್ತರವಿಲ್ಲದಿದ್ದರೂ ಕಂಬಳಿ ಇಲ್ಲದೆ ಹೊರಗೆ ಕೂರಲಾಗುತ್ತಿರಲಿಲ್ಲ. ಡಿಸೆಂಬರ್ ನಡುವಿನ ದಿನಗಳನ್ನು ನಾವು ಆರಿಸಿದ್ದಕ್ಕೆ ಒಂದು ಕಾರಣವಿತ್ತು. ವರ್ಷದ ಒಳ್ಳೆಯ ಉಲ್ಕಾವರ್ಷಗಳಲ್ಲಿ ಒಂದಾದ ಜೆಮಿನಿಡ್ ಉಲ್ಕೆಗಳು ಬೀಳುವ ಕಾಲವದು. 1983ರಲ್ಲಿ ಪತ್ತೆಯಾದ ಫೇಥಾನ್ ಎಂಬ ಕ್ಷುದ್ರಗ್ರಹ ತನ್ನ ದಾರಿಯಲ್ಲಿ ಬಿಟ್ಟುಹೋದ ಧೂಳು ನಮ್ಮ ವಾಯುಮಂಡಲಕ್ಕೆ ನುಗ್ಗಿ ಉರಿಯುವುದೇ ಆ ಬೆಳಕು. ಮಿಥುನ ರಾಶಿಯ ಕಡೆಯಿಂದ, ನಮ್ಮವರು ಪುನರ್ವಸುವೆನ್ನುವ ಜೋಡಿ ನಕ್ಷತ್ರಗಳ ಸಮೀಪದಿಂದ, ಅವು ಚಿಮ್ಮಿದಂತೆ ಕಾಣುತ್ತವೆ.

ಅಂಗಳದ ದೀಪಗಳನ್ನು ಆರಿಸಿ ಚಾಪೆಯಲ್ಲಿ ಮಲಗಿದೆವು. ನನ್ನ ಮಗಳು ಓರಾಯನ್ನನ್ನು ಗುರುತಿಸಿ ಬೆರಳು ತೋರಿಸಿದಳು. ಅಲ್ಲಿಯವರೆಗೆ ಸುಮ್ಮನಿದ್ದ ಅಜ್ಜಿ, "ಆ ಕೆಂಪು ಚುಕ್ಕಿ ಆರಿದ್ರೆ" ಎಂದರು. "ಮಳೆಯ ಆರಿದ್ರೆಯಾ?" ಎಂದು ನಾನೇ ಅಚ್ಚರಿಯಿಂದ ಕೇಳಿದೆ. ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರೆ, ಪುನರ್ವಸು, ಹೀಗೆ ಬೇಸಿಗೆಯ ಕೊನೆಯಿಂದ ಮಳೆಗಾಲದವರೆಗೆ ನಾವು ಹೆಸರು ಹಿಡಿದು ಕಾಯುವ ಮಳೆಗಳು ಆಕಾಶದಲ್ಲಿ ಪಡುವಣದಿಂದ ಮೂಡಣಕ್ಕೆ ಸಾಲಾಗಿ ನಿಂತಿದ್ದವು. ಜೂನ್ ಕೊನೆಗೆ ಸೂರ್ಯನು ಆರಿದ್ರೆಯ ನೇರದಲ್ಲಿರುವುದರಿಂದ ಆಗ ಆ ನಕ್ಷತ್ರ ಕಾಣುವುದಿಲ್ಲ. ಆರು ತಿಂಗಳ ಬಳಿಕ ಭೂಮಿ ಸೂರ್ಯನ ಇನ್ನೊಂದು ಮಗ್ಗುಲಿಗೆ ಬಂದಾಗ ರಾತ್ರಿಯಿಡೀ ಕಾಣುತ್ತದೆ. ಅಡಿಕೆ ತೋಟದ ಮನೆಯಲ್ಲಿ ಹುಟ್ಟಿಬೆಳೆದ ನನಗೆ ಈ ಲೆಕ್ಕ ಅಂದಿನವರೆಗೆ ಹೊಳೆದಿರಲಿಲ್ಲ. ಮಕ್ಕಳು ಒಂದೂವರೆ ಗಂಟೆಯಲ್ಲಿ ಮೂವತ್ತೇಳು ಉಲ್ಕೆಗಳನ್ನು ಎಣಿಸಿದರು. ಕೊನೆಯ ನಾಲ್ಕರ ಬಗ್ಗೆ ಜಗಳವಿದೆ.

ಮಲಗುವ ಮುನ್ನ ಅಜ್ಜಿ ಮಕ್ಕಳಿಗೆ ಇನ್ನೊಂದನ್ನು ಕಲಿಸಿದರು. ಅವರ ಚಿಕ್ಕಂದಿನಲ್ಲಿ ಗದ್ದೆಬೈಲಿನ ಆಚೆಗೊಂದು ಮನೆ, ಈಚೆಗೊಂದು ಮನೆ. ಕರೆಯಬೇಕಾದರೆ 'ಕೂ' ಹಾಕುವುದು, ಕೇಳಿದವರು 'ಕೂ' ಎಂದೇ ಓಗೊಡುವುದು. ಹೆಸರು ಹಿಡಿದು ಕರೆದರೆ ದೂರಕ್ಕೆ ಅಕ್ಷರಗಳು ಕಲಸಿಹೋಗುತ್ತವೆ, ಕೂ ಎಂಬುದು ಕಲಸುವುದಿಲ್ಲ ಎಂದು ಅವರ ವಿವರಣೆ. ಕೈಗಳನ್ನು ಬಾಯಿಯ ಸುತ್ತ ಬಟ್ಟಲು ಮಾಡಿ ಅವರು ಹಾಕಿದ ಒಂದು ಕೂಗಿಗೆ ಆಚೆ ಬೆಟ್ಟ ಓಗೊಟ್ಟಿತು. ಏಳು ಮಕ್ಕಳೂ ಹಾಕಿದರು. ತೋಟದ ಮನೆಯ ನಾಯಿ ಬೊಗಳಿತು. ಎಲ್ಲರೂ ನಕ್ಕು ಮಲಗಿದೆವು.

ಮಂಜು

ಭಾನುವಾರ ಬೆಳಿಗ್ಗೆ ಅಜ್ಜಿಯನ್ನು ತೋಟದ ಮನೆಯವರ ಬಳಿ ಬಿಟ್ಟು, ಚೀಟಿ ಪಡೆದು ಏರತೊಡಗಿದೆವು. ನಮ್ಮೊಡನೆ ಬಂದ ಕಾವಲುಗಾರರು ಅಲ್ಲಿಯ ಮಾವಿಲ ಸಮುದಾಯದವರು. ನಾವು ಮಲಯಾಳದಲ್ಲಿ ಮಾತಾಡಿಸುತ್ತಿದ್ದೆವು. ನಮ್ಮ ದಾದಿ ಸ್ನೇಹಿತೆ ತನ್ನ ಮಗನನ್ನು ತುಳುವಿನಲ್ಲಿ ಗದರಿದಾಗ ಅವರು ತಿರುಗಿ ನೋಡಿ ನಕ್ಕರು. ಅವರ ಮನೆಮಾತು ತುಳುವಿನದೇ ಒಂದು ಬಗೆ. ಹೊಳೆ ದಾಟಿ ಇಷ್ಟು ದೂರ ತೆಂಕಲಿಗೆ ಬಂದು, ಮಲೆಯ ತುದಿಯಲ್ಲಿ ತುಳು ಕೇಳುವೆವೆಂದು ನಾವು ಎಣಿಸಿರಲಿಲ್ಲ. ಅಲ್ಲಿಂದ ಮುಂದೆ ನಮ್ಮ ಮಾತು ಸಲೀಸಾಯಿತು.

ದಾರಿಯ ಮೊದಲ ಭಾಗ ದಟ್ಟ ನಿತ್ಯಹರಿದ್ವರ್ಣದ ಕಾಡು. ಮಳೆಗಾಲದಲ್ಲಿ ಇಲ್ಲಿ ಇಂಬಳಗಳು ಮುತ್ತಿಕೊಳ್ಳುತ್ತವೆ. ಡಿಸೆಂಬರಿನಲ್ಲೂ ತೇವವಿದ್ದಲ್ಲಿ ಒಂದೆರಡು ಕಾಲಿಗೆ ಹತ್ತಿದವು. ಉಪ್ಪಿನ ಗಂಟು ತಾಗಿಸಿದಾಗ ಉದುರಿಬಿದ್ದವು. ಕಾಡು ಮುಗಿದೊಡನೆ ಹುಲ್ಲುಗಾವಲು. ತಗ್ಗುಗಳಲ್ಲಿ ಮಾತ್ರ ಕಾಡು, ದಿಣ್ಣೆಗಳ ಮೇಲೆ ಬರಿಯ ಹುಲ್ಲು. ಇದನ್ನು ಶೋಲೆಯೆನ್ನುತ್ತಾರೆ. ಮಳೆಯ ನೀರನ್ನು ಹೀರಿ ಹಿಡಿದು ಬೇಸಿಗೆಯಲ್ಲಿ ಸಣ್ಣಗೆ ಬಿಡುವ ಈ ಕಾಡುಗಳಿಂದಲೇ ಕೆಳಗಿನ ತೋಡುಗಳಲ್ಲಿ ನೀರು ಉಳಿಯುತ್ತದೆ. ದಾರಿಯ ನಡುವೆ ಒಂದೆಡೆ ಆನೆಯ ಲದ್ದಿ ಬಿದ್ದಿತ್ತು. ಕಾವಲುಗಾರರು ಅದನ್ನು ಕೋಲಿನಿಂದ ಕೆದಕಿ, ನಿನ್ನೆಯದೆಂದರು.

ತುದಿಯ ಬಂಡೆಗೆ ಇನ್ನೂ ಸ್ವಲ್ಪ ದೂರವಿರುವಾಗ ಕೊಡಗಿನ ಕಡೆಯಿಂದ ಮಂಜು ಏರಿತು. ಒಲೆಯ ಮೇಲಿನ ಹಾಲು ಉಕ್ಕಿದಂತೆ ಕಣಿವೆಯಿಂದ ಮೇಲಕ್ಕೆ ಬಂದು, ಎರಡು ನಿಮಿಷದಲ್ಲಿ ಹತ್ತು ಹೆಜ್ಜೆ ಮುಂದಿನವರೂ ಕಾಣದಂತಾಯಿತು. ಮಕ್ಕಳು ಕುಣಿದರು. ಕಾವಲುಗಾರರು ಎಲ್ಲರೂ ನಿಲ್ಲಬೇಕೆಂದು ಹೇಳಿ ಎಣಿಸಿದರು. ಮಕ್ಕಳು ಐವರೇ ಇದ್ದರು.

ನನ್ನ ಹನ್ನೆರಡು ವರ್ಷದ ಮಗಳು ಇರಲಿಲ್ಲ. ಎರ್ನಾಕುಳದ ಹುಡುಗ ಇರಲಿಲ್ಲ.

ಸಾಲಿನ ಕೊನೆಯಲ್ಲಿ ನಡೆಯಬೇಕಾಗಿದ್ದವನು ನಾನು. ಹೊರಡುವಾಗಲೇ ಆ ಕೆಲಸವನ್ನು ನನಗೆ ಒಪ್ಪಿಸಿದ್ದರು. ಮಂಜು ಕಣಿವೆಯಿಂದ ಏಳುವುದನ್ನು ಕಂಡು ಚಿತ್ರ ತೆಗೆಯಲೆಂದು ನಾನು ಮುಂದಕ್ಕೆ ಓಡಿದ್ದೆ. ನನ್ನ ಹಿಂದೆ ಯಾರೂ ಇಲ್ಲವೆಂದೇ ಎಣಿಸಿದ್ದೆ. ಹುಡುಗನ ತಂದೆ, ಮಗ ನನ್ನೊಡನಿದ್ದಾನೆಂದು ಎಣಿಸಿದ್ದ. ಇಬ್ಬರ ಎಣಿಕೆಗಳ ನಡುವೆ ಇಬ್ಬರು ಮಕ್ಕಳು ಜಾರಿಹೋಗಿದ್ದರು. ಮೊಬೈಲಿನಲ್ಲಿ ಸಂಪರ್ಕವಿರಲಿಲ್ಲ. ನಾವೆಲ್ಲರೂ ಒಟ್ಟಿಗೆ ಹೆಸರು ಹಿಡಿದು ಕೂಗತೊಡಗಿದೆವು. ನಾನು ಹಿಂದಕ್ಕೆ ಓಡಲು ಹೊರಟೆ.

ಕಾವಲುಗಾರರು ನನ್ನ ರಟ್ಟೆ ಹಿಡಿದು ನಿಲ್ಲಿಸಿದರು. ಅವರು ಹೇಳಿದ್ದರ ಸಾರ ಇಷ್ಟು: ಮಂಜಿನಲ್ಲಿ ಓಡಿದರೆ ಮೂರನೆಯವರನ್ನು ಹುಡುಕಬೇಕಾಗುತ್ತದೆ. ಎಲ್ಲರೂ ಕೂಗಿದರೆ ಅವರ ಉತ್ತರ ಯಾರಿಗೂ ಕೇಳಿಸುವುದಿಲ್ಲ. ಒಬ್ಬರು ಕೂಗಬೇಕು, ಉಳಿದವರು ಉಸಿರು ಹಿಡಿಯಬೇಕು.

ಒಬ್ಬರು ಕೂಗಿದರು. ಉತ್ತರವಿಲ್ಲ. ಮತ್ತೆ ಕೂಗಿದರು. ಗಾಳಿಗೆ ಹುಲ್ಲು ಅಲುಗಿತೇ ಹೊರತು ಬೇರೆ ಸದ್ದಿಲ್ಲ. ಆ ಹೊತ್ತಿನಲ್ಲಿ ಆನೆಯ ಲದ್ದಿಯಲ್ಲದೆ ಬೇರೇನೂ ನನ್ನ ಮನಸ್ಸಿಗೆ ಬರಲಿಲ್ಲ. ಆಗ ಅಧ್ಯಾಪಕನ ಹಿರಿಯ ಮಗಳು, ಯಾರನ್ನೂ ಕೇಳದೆ, ಕೈಗಳನ್ನು ಬಟ್ಟಲು ಮಾಡಿ ಉದ್ದಕ್ಕೆ ಕೂ ಹಾಕಿದಳು. ನಾವು ಕಾದೆವು. ಎಡಗಡೆಯ ಕೆಳಗಿನಿಂದ, ತೀರ ಸಣ್ಣಗೆ, ಒಂದು ಕೂ ಬಂತು.

ಅದು ಎಲ್ಲಿಂದ ಬಂತೆಂದು ನಮ್ಮಲ್ಲಿ ಮೂವರು ಮೂರು ದಿಕ್ಕು ತೋರಿಸಿದರು. ಕಾವಲುಗಾರರು ಇನ್ನೆರಡು ಸಲ ಹಾಕಿಸಿ, ಎರಡು ಬೇರೆ ಕಡೆ ನಿಂತು ಕೇಳಿ, ಆ ಬಳಿಕ ಒಬ್ಬರೇ ಇಳಿದರು. ಹುಡುಗಿ ಮೇಲಿನಿಂದ ಕೂ ಹಾಕುತ್ತಲೇ ಇದ್ದಳು. ಇಪ್ಪತ್ತೈದು ನಿಮಿಷ ಕಳೆಯಿತೆಂದು ಆಮೇಲೆ ಗಡಿಯಾರ ಹೇಳಿತು. ಮಂಜಿನೊಳಗಿನಿಂದ ಮೂರು ಆಕಾರಗಳು ಮೂಡಿದವು.

ನಡೆದುದು ಇಷ್ಟೇ. ಹುಡುಗನಿಗೆ ಮೂತ್ರಕ್ಕೆ ಹೋಗಬೇಕಾಗಿತ್ತು. ಎಲ್ಲರ ಮುಂದೆ ನಾಚಿಕೆಯಾಗಿ ನನ್ನ ಮಗಳ ಬಳಿ ಮೆಲ್ಲಗೆ ಹೇಳಿದ. ಅವಳು ಅವನನ್ನು ಇಳಿಜಾರಿನ ಮರಗಳ ಮರೆಗೆ ಕರೆದೊಯ್ದಿದ್ದಳು. ತಿರುಗುವಷ್ಟರಲ್ಲಿ ದಾರಿ ಇರಲಿಲ್ಲ. ನಾಲ್ಕು ಹೆಜ್ಜೆ ಹುಡುಕಿ, ದಾರಿ ಸಿಗದಾದಾಗ, ಅವನನ್ನು ತನ್ನ ಅಂಗಿಯೊಳಗೆ ಎಳೆದುಕೊಂಡು ಮರವೊಂದರ ಬುಡದಲ್ಲಿ ಕುಳಿತುಬಿಟ್ಟಳು. ನಮ್ಮ ಕೂಗು ಕೇಳಿಸಿತ್ತಂತೆ. ಅವಳು ಉತ್ತರವನ್ನೂ ಕೊಟ್ಟಿದ್ದಳಂತೆ. ಎಲ್ಲರೂ ಒಟ್ಟಿಗೆ ಕೂಗುತ್ತಿದ್ದ ನಮಗೆ ಅದು ಕೇಳಿಸಿರಲಿಲ್ಲ. ಆಮೇಲೆ ಅವಳ ಗಂಟಲು ಕಟ್ಟಿತು. ಕೂ ಹಾಕಿದವನು ಹುಡುಗ.

ಅವಳನ್ನು ಕಂಡೊಡನೆ ನನ್ನ ಬಾಯಿಗೆ ಬಂದುದು ಬೈಗುಳ. "ಹೇಳದೆ ಯಾಕೆ ಹೋದೆ?" ಎಂದು ತೊಡಗಿದ್ದೆ. ಕಾವಲುಗಾರರು ಅಡ್ಡ ಬಂದರು. "ಈಗ ಬೈದರೆ ಇನ್ನೊಂದು ಸಲ ಮಕ್ಕಳು ಅಡಗಿ ಕೂರ್ತಾರೆ, ಕರೆದರೂ ಓಗೊಡುವುದಿಲ್ಲ" ಎಂದು ತುಳುವಿನಲ್ಲಿ ಹೇಳಿದರು. ನಾನು ಬಾಯಿ ಮುಚ್ಚಿದೆ. ಹೇಳದೆ ಹೋದವನು ನಿಜಕ್ಕೂ ನಾನೇ ಆಗಿದ್ದೆ. ಆ ಮಾತನ್ನು ಮಗಳಿಗೆ ಎಲ್ಲರ ಎದುರಿನಲ್ಲಿಯೇ ಹೇಳಿದೆ. ಅವಳು ಅದಕ್ಕೆ ಏನೂ ಹೇಳಲಿಲ್ಲ, ನೀರು ಕೇಳಿದಳು.

ಮಂಜು ಬಂದಷ್ಟೇ ಬೇಗ ಸರಿಯಿತು. ತುದಿಯವರೆಗೆ ಹೋಗಬೇಕೋ ಬೇಡವೋ ಎಂದು ದೊಡ್ಡವರು ಚರ್ಚಿಸಿದೆವು. ಹೋಗಬೇಕೆಂದವರು ಮಕ್ಕಳು, ಅದರಲ್ಲೂ ಆ ಇಬ್ಬರು. ಸಾವಿರ ಮೀಟರುಗಳನ್ನು ತುಸು ಮೀರಿದ ಆ ಬಂಡೆಯ ಮೇಲೆ ನಿಂತಾಗ ಮೂಡಲಿಗೆ ಕೊಡಗಿನ ಬೆಟ್ಟಗಳ ಸಾಲು, ಪಡುವಲಿಗೆ ಇಳಿಯುತ್ತ ಹೋಗುವ ನಮ್ಮ ನಾಡು ಕಾಣಿಸಿತು. ಗಡಿ ಎಲ್ಲಿ ಎಂದು ಕೇಳಿದ್ದ ಹುಡುಗ ಸ್ವಲ್ಪ ಹೊತ್ತು ಹುಡುಕಿ, ಹಸಿವಾಗುತ್ತದೆಂದ.

ಹೊರಡುವವರಿಗೆ ನಾಲ್ಕು ಮಾತು

ಮಕ್ಕಳೊಡನೆ ಬೆಟ್ಟಕ್ಕೆ ಹೊರಡುವ ಓದುಗರಿಗೆ ನಾವು ಕಲಿತುದನ್ನು ಹೇಳಿಬಿಡುತ್ತೇನೆ. ಅರಣ್ಯದ ಚೀಟಿಯಿಲ್ಲದೆ, ಸ್ಥಳೀಯರ ಜೊತೆಯಿಲ್ಲದೆ ಏರಬೇಡಿರಿ. ಮುಂದೊಬ್ಬರು, ಹಿಂದೊಬ್ಬರು ದೊಡ್ಡವರು ಇರಬೇಕು, ಹಿಂದಿನವರು ಯಾವ ಕಾರಣಕ್ಕೂ ಸ್ಥಳ ಬಿಡಬಾರದು. "ಎಲ್ಲರೂ ಇದ್ದಾರೆ" ಎಂಬ ಮಾತನ್ನು ನಂಬದೆ ಕಾಲು ಗಂಟೆಗೊಮ್ಮೆ ತಲೆ ಎಣಿಸಬೇಕು. ಮೂತ್ರ, ಬಾಯಾರಿಕೆ, ಭಯ, ಇವುಗಳನ್ನು ನಾಚದೆ ಹೇಳಬಹುದೆಂದು ಮಕ್ಕಳಿಗೆ ಹೊರಡುವ ಮೊದಲೇ ತಿಳಿಸಬೇಕು. ದಾರಿ ತಪ್ಪಿದರೆ ನಡೆಯದೆ ನಿಂತಲ್ಲೇ ಕೂರಬೇಕು. ಪ್ರತಿ ಮಗುವಿನ ಕೊರಳಲ್ಲಿ ಒಂದು ಸೀಟಿ ಇದ್ದರೆ ಒಳಿತು. ಸೀಟಿ ಇಲ್ಲದವರಿಗೆ ಕೂ ಹಾಕಲು ಕಲಿಸಬಹುದು. ಹುಡುಕುವವರು ಕೂಗುವುದಕ್ಕಿಂತ ಹೆಚ್ಚು ಹೊತ್ತು ಕಿವಿಗೊಡಬೇಕು.

ಮಧ್ಯಾಹ್ನ ಕೆಳಗಿಳಿದಾಗ ಅಜ್ಜಿ ಒಲೆಯ ಮುಂದೆ ಇದ್ದರು. ನಡೆದುದನ್ನು ಅವರಿಗೆ ತಿಳಿಸಬಾರದೆಂದು ದೊಡ್ಡವರು ದಾರಿಯಲ್ಲಿ ಮಾತಾಡಿಕೊಂಡಿದ್ದೆವು. ಎರ್ನಾಕುಳದ ಹುಡುಗ ಅಂಗಳಕ್ಕೆ ಬಂದವನೇ ಓಡಿಹೋಗಿ, ಅರ್ಧ ಮಲಯಾಳ ಅರ್ಧ ಕನ್ನಡದಲ್ಲಿ ಎಲ್ಲವನ್ನೂ ಹೇಳಿಬಿಟ್ಟ. ಮಂಜು, ಮರ, ಅಕ್ಕನ ಅಂಗಿ, ಕೂ. ಅಜ್ಜಿ ಸೌಟನ್ನು ಕೆಳಗಿಟ್ಟು ಪೂರ್ತಿ ಕೇಳಿದರು. ನಡುವೆ ಒಮ್ಮೆ ನಮ್ಮ ಕಡೆ ನೋಡಿದರು. ನಾವು ಯಾರೂ ತಲೆಯೆತ್ತಲಿಲ್ಲ.

"ಒಳ್ಳೆದಾಯ್ತು ಮಗಾ" ಎಂದರು. "ಕೈಕಾಲು ತೊಳೆದು ಬಾ. ಗಂಜಿ ಆರ್ತದೆ."